ಶ ಅಂದರೆ ಶುಕ್ರವಾರ ಅಂತಲೇ ಅಲ್ಲ

ನನಗೆ ಮಾತು ಜಾಸ್ತಿ. ಹೆಮ್ಮೆಯಿಂದ ಹೇಳುತ್ತಿಲ್ಲ. ಎದುರಿಗಿರುವವರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನನ್ನ ಬಾಯಿಂದ ಬಂದಿರುತ್ತದೆ. ಮನೆಯವರಿಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ನನ್ನ ತಂಗಿಯಂತೂ ಫೋನ್ ಮಾಡಿ "ಅಕ್ಕಾ, ಇವತ್ತು ಏನಾಯ್ತು ಅಂದ್ರೆ..." ಅಂತ ನಿಲ್ಲಿಸಿ, "ಹೂಂ, ಮುಂದಿಂದು ನೀನೇ ಹೇಳು" ಅಂತ ಕಾಲೆಳೆಯುತ್ತಾಳೆ.

ಈ ಚಟದಿಂದ ಒಬ್ಬರಿಗೆ ಎಷ್ಟು ತೊಂದರೆ ಆಗುತ್ತಿದೆ ಅಂತ ನನಗೆ ಗೊತ್ತಾದದ್ದು ಒಂದು ಶನಿವಾರದ ದೆಸೆಯಿಂದ.

ನಾನು ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಆರು ವರ್ಷದ ಹಿಂದೆ ನಮ್ಮ ಟೀಮಿಗೆ ಒಬ್ಬರು ಬಂದು ಸೇರಿದರು. ಅವರ ಬಗ್ಗೆ ಬರೆಯಲಾ ಅಂತ ಕೇಳಿದ್ದಕ್ಕೆ "ಹೆಸರೊಂದು ಬಿಟ್ಟು ಏನು ಬೇಕಾದರೂ ಬರೀರಿ" ಅಂದರು. ಆ ಹೆಸರಿನದೇ ಒಂದು ಕಥೆ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಅವರು ಸೇರಿದ ಮೊದಲ ದಿನ. ಉದ್ದ ಮೇಜು, ಸುತ್ತ ಹದಿಮೂರು ಜನ. ಒಬ್ಬೊಬ್ಬರೇ ಪರಿಚಯ ಹೇಳಿಕೊಳ್ಳಬೇಕು. ಸರದಿ ಅವರ ಹತ್ತಿರ ಬಂತು. "ನನ್ನ ಹೆಸರು" ಅನ್ನುವವರೆಗೂ ಸಲೀಸಾಗಿ ಬಂದರು. ಆಮೇಲೆ ನಿಂತುಬಿಟ್ಟರು. ಬಾಯಿ ಆ ಅಕ್ಷರಕ್ಕೆ ಸಿದ್ಧವಾಗಿ ನಿಂತಿದೆ, ಸದ್ದು ಮಾತ್ರ ಹೊರಡುತ್ತಿಲ್ಲ. ಕತ್ತಿನ ನರ ಉಬ್ಬಿತು. ಕಣ್ಣು ಮೇಜಿನ ಮೇಲೆ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಟಕ್, ಟಕ್. ಆ ಕಡೆಯಿಂದ ಯಾರೋ "ಏನ್ ಸಾರ್, ಹೆಸರೇ ಮರೆತುಹೋಯ್ತಾ?" ಅಂದರು. ನಾಲ್ಕೈದು ಜನ ನಕ್ಕರು. ನನಗೆ ಆ ಮೌನ ತಡೆಯೋಕೆ ಆಗಲಿಲ್ಲ. ನನ್ನ ಮುಂದಿದ್ದ ಹಾಳೆಯಲ್ಲಿ ಅವರ ಹೆಸರಿತ್ತು. ಓದಿಬಿಟ್ಟೆ. ಅವರು "ಹೌದು" ಅಂತ ತಲೆಯಾಡಿಸಿದರು. ಸರದಿ ಮುಂದಕ್ಕೆ ಹೋಯಿತು.

ಪಾಪ, ಒಬ್ಬರನ್ನು ಪಾರು ಮಾಡಿದೆ ಅಂತ ಆ ದಿನವೆಲ್ಲ ನನಗೆ ಒಳಗೊಳಗೇ ಖುಷಿ.

ಅಲ್ಲಿಂದ ಅದು ನನ್ನ ಕೆಲಸವೇ ಆಗಿಹೋಯಿತು. ಅವರು ಎಲ್ಲಿ ನಿಂತರೂ ಅಲ್ಲಿ ನಾನು. ಅವರು "ಆ ಫೈಲು ಬೀ..." ಅನ್ನುವುದರೊಳಗೆ ನಾನು "ಬೀರುವಿನಲ್ಲಿದೆ". ಅವರು ತಲೆಯಾಡಿಸುವುದು, ನಾನು ಗೆದ್ದ ಹಾಗೆ ಕೂರುವುದು. ಬೇರೆಯವರೂ ನನ್ನನ್ನೇ ನೋಡುತ್ತಿದ್ದರು, "ಏನು ಹೇಳ್ತಿದ್ದಾರೆ ಇವರು?" ಅನ್ನುವ ಹಾಗೆ. ಅನುವಾದಕಿ ತರಹ.

ಎಂಟು ತಿಂಗಳು ಹೀಗೇ ನಡೆಯಿತು. ಒಂದು ಗುರುವಾರ ಬೆಳಿಗ್ಗೆ ಅವರು ನನ್ನ ಮೇಜಿನ ಹತ್ತಿರ ಬಂದರು. ಮೇಲಿನವರ ಜೊತೆ ಮಾತಾಡಿ ಬಂದಿದ್ದರು. "ರಿಪೋರ್ಟು ಕೊಡಬೇಕಾಗಿರೋದು ಶ್... ಶ್..."

"ಶುಕ್ರವಾರಾನಾ? ಅಯ್ಯೋ ದೇವರೇ, ನಾಳೆನೇ!"

ಅವರು ಅರೆಕ್ಷಣ ನನ್ನನ್ನು ನೋಡಿದರು. ತಲೆಯಾಡಿಸಿದರು. ನಾನಾಗಲೇ ಫೋನ್ ಎತ್ತಿ ಎಲ್ಲರನ್ನೂ ಕರೆಯುತ್ತಿದ್ದೆ. ಆ ರಾತ್ರಿ ಏಳು ಜನ ಎರಡು ಗಂಟೆವರೆಗೆ ಕೂತೆವು. ಒಬ್ಬರ ಮಗುವಿಗೆ ಜ್ವರ, ಅವರೂ ಕೂತರು. ಶುಕ್ರವಾರ ಬೆಳಿಗ್ಗೆ ಕಳಿಸಿದ್ದಾಯಿತು. ಮಧ್ಯಾಹ್ನ ಮೇಲಿನವರಿಂದ ಉತ್ತರ ಬಂತು: ಇಷ್ಟು ಬೇಗ ಬೇಕಿರಲಿಲ್ಲ, ಶನಿವಾರ ಸಂಜೆ ಕೊಟ್ಟಿದ್ದರೂ ನಡೆಯುತ್ತಿತ್ತು, ಒಳ್ಳೆಯದಾಯಿತು.

ನನಗೆ ಮೈಯೆಲ್ಲ ಉರಿಯಿತು. ಸೀದಾ ಅವರ ಹತ್ತಿರ ಹೋಗಿ "ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. ಅವರು ಹೇಳಿದ ಉತ್ತರವನ್ನು ಇಲ್ಲಿ ಒಂದೇ ಉಸಿರಿಗೆ ಬರೆಯುತ್ತಿದ್ದೇನೆ. ಹೇಳೋಕೆ ಎರಡು ನಿಮಿಷದ ಹತ್ತಿರ ಹಿಡಿಯಿತು ಅಂತ ಇಟ್ಟುಕೊಳ್ಳಿ.

"ನೀವು ಹೇಳಿಬಿಟ್ರಿ. ತಿದ್ದಬೇಕು ಅಂದ್ರೆ ನಾನು ಮತ್ತೆ ಅದೇ ಶ-ದಿಂದ ಶುರು ಮಾಡ್ಬೇಕಿತ್ತು."

"ಅಲ್ಲ ಅಂದಿದ್ರೆ ಸಾಕಿತ್ತಲ್ವಾ?"

"ಅಲ್ಲ ಅಂದ್ರೆ ಮತ್ತೆ ಯಾವಾಗ ಅಂತ ಕೇಳ್ತೀರಿ."

"ನಾಳಿದ್ದು ಅನ್ನಬಹುದಿತ್ತು."

ನಕ್ಕರು. "ಆ ದಿನ ನ-ನೂ ಮುಷ್ಕರ ಹೂಡಿತ್ತು." ಸ್ವಲ್ಪ ಹೊತ್ತು ಬಿಟ್ಟು, "ಬರೆದು ಕಳಿಸಬಹುದಿತ್ತು. ತಪ್ಪು ನನ್ನದೂ ಇದೆ. ಸುಸ್ತಾಗಿತ್ತು, ಹೌದು ಅಂದುಬಿಟ್ಟೆ" ಅಂದರು.

ಇಂಥ ಹೌದುಗಳು ಎಷ್ಟಿರಬಹುದು ಅಂತ ಕೇಳಿದೆ. ದಿನಕ್ಕೆ ಹತ್ತಾದರೂ ಇರುತ್ತದಂತೆ. ಎಲ್ಲ ನನ್ನ ಹತ್ತಿರವೇ ಅಲ್ಲ ಅಂತ ಸಮಾಧಾನ ಬೇರೆ ಹೇಳಿದರು. ಎದ್ದು ಹೊರಡುವಾಗ ಇನ್ನೊಂದು ಮಾತು: "ಮೊದಲನೇ ದಿನ ನನ್ನ ಹೆಸರು ಹೇಳಿದ್ರಲ್ಲ. ಇನ್ನು ಎರಡು ಸೆಕೆಂಡು ಇದ್ದಿದ್ರೆ ನಾನೇ ಹೇಳ್ತಿದ್ದೆ."

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಆಮೇಲೆ ಒಂದಷ್ಟು ಓದಿದೆ. ಅವರನ್ನೂ ಸ್ವಲ್ಪ ಪೀಡಿಸಿದೆ. ದೊಡ್ಡವರಲ್ಲಿ ಸುಮಾರು 100 ಜನಕ್ಕೆ ಒಬ್ಬರಿಗೆ ಉಗ್ಗು ಇರುತ್ತದೆ. ಚಿಕ್ಕ ಮಕ್ಕಳಲ್ಲಿ ಇನ್ನೂ ಜಾಸ್ತಿ, 100ಕ್ಕೆ ಐದು ಮಕ್ಕಳಾದರೂ ಯಾವುದೋ ಒಂದು ಹಂತದಲ್ಲಿ ಉಗ್ಗುತ್ತಾರೆ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ, ಬಹಳಷ್ಟು ಮಕ್ಕಳಲ್ಲಿ ಹೋಗಿಯೂಬಿಡುತ್ತದೆ. ಹೆದರಿಕೆಯಿಂದ ಬರುವುದಲ್ಲ. ಯಾರನ್ನೋ ನೋಡಿ ಕಲಿಯುವುದೂ ಅಲ್ಲ. ನಾಲಿಗೆ ದಪ್ಪ ಅನ್ನುವುದಂತೂ ಶುದ್ಧ ಸುಳ್ಳು. ಮಾತನ್ನು ಹೊಂದಿಸುವ ಮಿದುಳಿನ ಭಾಗಗಳು ಕೆಲಸ ಮಾಡುವ ರೀತಿಯಲ್ಲೇ ಸ್ವಲ್ಪ ವ್ಯತ್ಯಾಸ ಇರುತ್ತದೆ, ಮನೆತನದಲ್ಲಿ ಬರುವುದೂ ಉಂಟು. ಹೆದರಿಕೆ, ಅವಸರ ಅದನ್ನು ಜಾಸ್ತಿ ಮಾಡುತ್ತವೆ, ಅಷ್ಟೇ.

ಹೆಸರಿನ ಗುಟ್ಟೂ ಆಗ ಗೊತ್ತಾಯಿತು. ಉಗ್ಗುವವರು ಕಷ್ಟದ ಪದ ಬರುವುದು ಗೊತ್ತಾದ ಕೂಡಲೇ ಬೇರೆ ಪದಕ್ಕೆ ಹಾರುತ್ತಾರೆ. 'ಬೇಗ' ಬರದಿದ್ದರೆ 'ಜಲ್ದಿ'. 'ಕಾರು' ಕೈಕೊಟ್ಟರೆ 'ಗಾಡಿ'. ನಮಗೆ ಗೊತ್ತೇ ಆಗುವುದಿಲ್ಲ. "ಒಂದು ವಾಕ್ಯ ಹೇಳೋಕೆ ಮುಂಚೆ ತಲೆಯಲ್ಲಿ ನಾಲ್ಕು ವಾಕ್ಯ ಹೊಡೆದುಹಾಕಿರ್ತೀನಿ" ಅಂತಾರೆ ಇವರು. ಆದರೆ ಹೆಸರಿಗೆ ಬದಲಿ ಎಲ್ಲಿದೆ? ಅದನ್ನೇ ಹೇಳಬೇಕು. ಅದಕ್ಕೇ ಬಹಳ ಜನಕ್ಕೆ ಸ್ವಂತ ಹೆಸರೇ ಎಲ್ಲಕ್ಕಿಂತ ಕಷ್ಟ. ಅದನ್ನೇ ನಾನು ಹದಿಮೂರು ಜನರ ಮುಂದೆ ಅವರ ಬಾಯಿಂದ ಕಿತ್ತುಕೊಂಡಿದ್ದೆ.

ನನ್ನ ಅವಸರಕ್ಕೂ ಒಂದು ಕಾರಣ ಸಿಕ್ಕಿತು. 2009ರಲ್ಲಿ ಕೆಲವು ಸಂಶೋಧಕರು ಪ್ರಪಂಚದ ಬೇರೆ ಬೇರೆ ಕಡೆಯ 10 ಭಾಷೆಗಳ ಮಾತುಕತೆ ಅಳೆದು ನೋಡಿದ್ದರು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಸಮಯ ಸರಾಸರಿ ಎಷ್ಟು ಗೊತ್ತೇ? ಸೆಕೆಂಡಿನ ಐದರಲ್ಲಿ ಒಂದು ಪಾಲು. ಅಷ್ಟೇ. ಅಂಥ ಲೆಕ್ಕಕ್ಕೆ ಒಗ್ಗಿಹೋದ ಕಿವಿಗೆ ಮೂರು ಸೆಕೆಂಡಿನ ಮೌನ ಅಂದರೆ ಯುಗ. ಏನೋ ಎಡವಟ್ಟಾಗಿದೆ, ಯಾರಾದರೂ ಏನಾದರೂ ಮಾಡಿ ಅಂತ ಮೈ ಕೂಗುತ್ತದೆ. ಅಂದರೆ ನಾನು ಪದ ತುಂಬುತ್ತಿದ್ದದ್ದು ಅವರ ಕಷ್ಟ ನೋಡಲಾರದೆ ಅಲ್ಲ. ನನ್ನ ಇರುಸುಮುರುಸು ತಡೆಯಲಾರದೆ. ಇಷ್ಟು ವರ್ಷ ಇದಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ಕರುಣೆ.

ಇದನ್ನು ಓದುವಾಗ ಒಂದು ಹಳೆಯ ಮುಖ ನೆನಪಾಯಿತು. ಬರೆಯಲೋ ಬೇಡವೋ ಅಂತ ಎರಡು ವಾರ ಒದ್ದಾಡಿದ್ದೇನೆ.

ನನಗೆ ಆಗ ಒಂಬತ್ತು ವರ್ಷ. ಕ್ಲಾಸಿನಲ್ಲಿ ಮೂರನೇ ಸಾಲಿನ ಕಿಟಕಿ ಪಕ್ಕ ಒಬ್ಬಳು ಕೂರುತ್ತಿದ್ದಳು. ಎರಡು ಜಡೆ, ಎಡಗೈಯ ಉಗುರು ಕಚ್ಚುವ ಅಭ್ಯಾಸ. ಎದ್ದು ನಿಂತು ಪಾಠ ಓದು ಅಂದರೆ ಮೊದಲ ಪದದಲ್ಲೇ ನಿಲ್ಲುತ್ತಿದ್ದಳು. ಟೀಚರ್ ಡಸ್ಟರಿನಿಂದ ಮೇಜು ಬಡಿದು "ಹೂಂ, ಬೇಗ" ಅನ್ನುತ್ತಿದ್ದರು. ಕ್ಲಾಸು ನಗುತ್ತಿತ್ತು. ನಾನೂ ನಗುತ್ತಿದ್ದೆ, ಅದೇನು ದೊಡ್ಡ ವಿಷಯ ಅಲ್ಲ, ಎಲ್ಲರೂ ನಗುತ್ತಿದ್ದರು. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಎಲ್ಲರೂ ಒಟ್ಟಿಗೆ ಮಗ್ಗಿ ಹೇಳುವಾಗ, ಪದ್ಯ ಹಾಡುವಾಗ ಅವಳ ಮಾತು ನೀರು ಹರಿದ ಹಾಗೆ ಹರಿಯುತ್ತಿತ್ತು. ಅದನ್ನು ಕಂಡುಹಿಡಿದವಳು ನಾನು. ಪತ್ತೇದಾರಿ ಮಾಡಿದವಳ ಹಾಗೆ ಬಿಡುವಿನ ಹೊತ್ತಲ್ಲಿ ಎಲ್ಲರಿಗೂ ಹೇಳಿದೆ: "ಅವಳು ಸುಮ್ನೆ ನಾಟಕ ಆಡ್ತಾಳೆ. ಮಗ್ಗಿ ಹೇಳುವಾಗ ಉಗ್ಗು ಎಲ್ಲಿಗೆ ಹೋಗುತ್ತೆ?"

ಆ ವಾರದಿಂದ ಅವಳು ಮಗ್ಗಿ ಹೇಳುವುದನ್ನೂ ನಿಲ್ಲಿಸಿದಳು. ಬಾಯಿ ಆಡಿಸುತ್ತಿದ್ದಳು, ಸದ್ದು ಬರುತ್ತಿರಲಿಲ್ಲ. ಪಕ್ಕದ ಸಾಲಿನಲ್ಲಿ ಕೂತ ನನಗೆ ಅದು ಕಾಣುತ್ತಿತ್ತು.

ಹಾಡುವಾಗ, ಇನ್ನೊಬ್ಬರ ದನಿಯ ಜೊತೆ ದನಿ ಸೇರಿಸಿ ಓದುವಾಗ ಬಹುಪಾಲು ಎಲ್ಲರ ಉಗ್ಗೂ ಮಾಯವಾಗುತ್ತದೆ. ಒಬ್ಬರೇ ಇದ್ದಾಗ, ನಾಯಿ ಬೆಕ್ಕಿನ ಹತ್ತಿರ ಮಾತಾಡುವಾಗ ಕಡಿಮೆಯಾಗುತ್ತದೆ. ಇದು ನನಗೆ ಗೊತ್ತಾದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಅವಳು ಈಗ ಎಲ್ಲಿದ್ದಾಳೋ. ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೂ ಏನು ಹೇಳುತ್ತಿದ್ದೆ? ಮೂವತ್ತಮೂರು ವರ್ಷ ಆದ ಮೇಲೆ ಹೋಗಿ, ನನ್ನ ಮನಸ್ಸು ಹಗುರವಾಗಲಿ ಅಂತ ಅವಳಿಗೆ ಅದನ್ನೆಲ್ಲ ನೆನಪಿಸುವುದು ಕೂಡ ಇನ್ನೊಂದು ಥರದ ಅವಸರವೇ ಅಲ್ವಾ.

ತಿಳಿದವರೂ ಮಕ್ಕಳಿಗೆ ಇಂಥದ್ದು ಮಾಡಿದ್ದಾರೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಅನ್ನುವ ಪ್ರೊಫೆಸರರ ಕೈಕೆಳಗೆ ಅನಾಥಾಲಯದ 22 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಚೆನ್ನಾಗಿಯೇ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ "ನಿನ್ನ ಮಾತು ಸರಿಯಿಲ್ಲ, ಉಗ್ಗು ಶುರುವಾಗುತ್ತಿದೆ, ಸರಿಯಾಗಿ ಬರದಿದ್ದರೆ ಮಾತಾಡಲೇಬೇಡ" ಅಂತ ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳು ಉಗ್ಗುವವರಾದರು ಅನ್ನೋಕೆ ಆಗುವುದಿಲ್ಲ. ಆದರೆ ಬಾಯಿ ಬಿಡೋಕೇ ಹಿಂಜರಿಯತೊಡಗಿದರು. ಜಾನ್ಸನ್ ಸ್ವತಃ ಉಗ್ಗುತ್ತಿದ್ದವರು, ಅದರ ಮೂಲ ಹುಡುಕಬೇಕು ಅಂತ ಹೊರಟವರು. ನೋವು ಉಂಡವರಿಗೆ ಇನ್ನೊಬ್ಬರ ನೋವು ತಾನಾಗಿ ಗೊತ್ತಾಗುತ್ತದೆ ಅಂತ ನಾನು ನಂಬಿದ್ದೆ. ಹಾಗೇನಿಲ್ಲ. 2001ರಲ್ಲಿ ವಿಷಯ ಪತ್ರಿಕೆಯಲ್ಲಿ ಬಂದ ಮೇಲೆ ವಿಶ್ವವಿದ್ಯಾಲಯ ಕ್ಷಮೆ ಕೇಳಿತು.

ಇನ್ನು ನಮ್ಮ ಆಫೀಸಿನ ಇನ್ನೊಬ್ಬರ ವಿಷಯ. ಹಿರಿಯರು, ಎಲ್ಲರನ್ನೂ ಅಣಕಿಸುವುದರಲ್ಲಿ ಎತ್ತಿದ ಕೈ. ಮೊದಲ ದಿನ "ಹೆಸರೇ ಮರೆತುಹೋಯ್ತಾ" ಅಂದದ್ದು ಇವರೇ. ಊಟದ ಹೊತ್ತಿಗೆ ನಮ್ಮ ಉಗ್ಗುವ ಸಹೋದ್ಯೋಗಿಯನ್ನು ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದರು. ನಾನು ಒಂದು ಸಲ ಜೋರಾಗಿಯೇ ಬುದ್ಧಿ ಹೇಳಿದೆ. ಮುಖ ಸಣ್ಣದು ಮಾಡಿಕೊಂಡರು, ಬದಲಾಗಲಿಲ್ಲ. ಮಾರನೇ ದಿನದಿಂದ ಅವರ ಪಟ್ಟಿಯಲ್ಲಿ ನನ್ನ ನಡಿಗೆಯೂ ಸೇರಿತು. ಈ ಮನುಷ್ಯ ಇಷ್ಟೇ ಅಂತ ನಾನು ಕೈಬಿಟ್ಟೆ.

ಆಮೇಲೊಮ್ಮೆ ಹಳೆಯ ಮೂರು ವರ್ಷದ ಬಿಲ್ಲುಗಳನ್ನೆಲ್ಲ ತಾಳೆ ನೋಡಬೇಕಾಗಿ ಬಂತು. ಇಬ್ಬರು ಬೇಕು, ಒಬ್ಬರು ಓದಬೇಕು, ಒಬ್ಬರು ಟಿಕ್ ಹಾಕಬೇಕು. ಹಿರಿಯರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ಓದುವ ಕೆಲಸ ಇವರಿಗೇ ಬಂತು! ಉಗ್ಗುವವರಿಗೆ ಇಡೀ ದಿನ ಓದುವ ಕೆಲಸ. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಹನ್ನೆರಡು ದಿನ ಇಬ್ಬರೂ ಆ ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಒಳಗೆ ಏನು ಮಾತಾಯಿತು, ಆಯಿತೋ ಇಲ್ಲವೋ, ಗೊತ್ತಿಲ್ಲ. ಇಬ್ಬರೂ ಇವತ್ತಿನವರೆಗೆ ಹೇಳಿಲ್ಲ. ಮೂರನೇ ದಿನ ಬಾಗಿಲ ಮುಂದೆ ಹಾದುಹೋಗುವಾಗ ಇವರು ಒಂದು ಸಂಖ್ಯೆಯಲ್ಲಿ ನಿಂತದ್ದು ಕೇಳಿಸಿತು. ಹಿರಿಯರ ದನಿಗೆ ಕಾದೆ. ಬರಲಿಲ್ಲ. ಆಮೇಲೆ ಸಂಖ್ಯೆ ಬಂತು, ಪೆನ್ನಿನ ಸದ್ದು ಬಂತು.

ಅದಾಗಿ ತಿಂಗಳಾಗಿರಬಹುದು. ಹೊಸದಾಗಿ ಸೇರಿದ ಹುಡುಗನೊಬ್ಬ ಊಟಕ್ಕೆ ಕೂತಾಗ ಇವರನ್ನು ಅಣಕಿಸಿದ. ಹಿರಿಯರು ನಗುತ್ತಾರೆ ಅಂತ ಅವರ ಕಡೆ ನೋಡಿದ. ಅವರು ತಲೆ ಎತ್ತದೆ "ಬೇಡಪ್ಪ, ಬಿಡು" ಅಂದರು. ಅಷ್ಟೇ. ಭಾಷಣ ಇಲ್ಲ.

ಗಾರ್ಡನ್ ಆಲ್‌ಪೋರ್ಟ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಹೇಳಿದ್ದರಂತೆ. ಬೇರೆ ಥರದವರು ಸುಮ್ನೆ ಒಂದೇ ಕಡೆ ಇದ್ದರೆ ಪೂರ್ವಗ್ರಹ ಹೋಗುವುದಿಲ್ಲ. ಇಬ್ಬರೂ ಸಮನಾಗಿರಬೇಕು, ಒಂದೇ ಕೆಲಸ ಮುಗಿಸಬೇಕಾಗಿರಬೇಕು, ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗಬಾರದು, ಮೇಲಿನವರ ಒತ್ತಾಸೆಯೂ ಇರಬೇಕು. 2006ರಲ್ಲಿ 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದವರು, ಇವೆಲ್ಲ ಪೂರ್ತಿ ಇಲ್ಲದಿದ್ದರೂ ಒಡನಾಟದಿಂದ ಪೂರ್ವಗ್ರಹ ಸಾಮಾನ್ಯವಾಗಿ ಇಳಿಯುತ್ತದೆ, ಇದ್ದರೆ ಇನ್ನೂ ಚೆನ್ನಾಗಿ ಇಳಿಯುತ್ತದೆ ಅಂದರು. ನಮ್ಮ ಬಿಲ್ಲಿನ ಕೋಣೆಗೆ ಇದೆಲ್ಲ ಗೊತ್ತಿರಲಿಲ್ಲ, ತಾನಾಗಿ ಕೂಡಿಬಂದಿತ್ತು. ಹಿರಿಯರೇನು ಸಂತರಾಗಿಲ್ಲ ಮತ್ತೆ. ನನ್ನ ನಡಿಗೆಯನ್ನು ಈಗಲೂ ಅಣಕಿಸುತ್ತಾರೆ. ಚೆನ್ನಾಗಿಯೇ ಅಣಕಿಸುತ್ತಾರೆ, ಹೊಟ್ಟೆಕಿಚ್ಚಾಗುವಷ್ಟು.

ನನ್ನದು ಅಷ್ಟು ಸುಲಭವಾಗಿ ಆಗಲಿಲ್ಲ. ಅಣಕಿಸುವವರಿಗೆ ನಿಲ್ಲಿಸಬೇಕಾದದ್ದು ಯಾವುದು ಅಂತ ಗೊತ್ತಿರುತ್ತದೆ. ನನ್ನಂಥವರು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅಂದುಕೊಂಡಿರುತ್ತೇವಲ್ಲ. ಮೊದಲಿಗೆ ಪದ ತುಂಬುವುದು ಬಿಟ್ಟು "ನಿಧಾನವಾಗಿ ಹೇಳಿ, ಪರವಾಗಿಲ್ಲ, ಉಸಿರು ತಗೊಳ್ಳಿ" ಅನ್ನತೊಡಗಿದೆ. ಒಂದು ವಾರ ಸಹಿಸಿಕೊಂಡು, "ನಲವತ್ತು ವರ್ಷದಿಂದ ಉಸಿರು ತಗೊಳ್ತಾನೇ ಇದೀನಿ" ಅಂದರು. ಅವರಿಗೆ ಸಿಗುವವರೆಲ್ಲ ಹೇಳುವುದು ಎರಡೇ ಕಥೆಯಂತೆ. ಒಂದು, ಇಂಗ್ಲೆಂಡಿನ ರಾಜ ಆರನೇ ಜಾರ್ಜ್ ಉಗ್ಗು ಇದ್ದರೂ 1939ರಲ್ಲಿ ಯುದ್ಧ ಶುರುವಾದ ದಿನ ರೇಡಿಯೋದಲ್ಲಿ ಮಾತಾಡಿದ್ದು. ಇನ್ನೊಂದು, ಹಳೆಯ ಗ್ರೀಸಿನ ಭಾಷಣಕಾರ ಡೆಮಾಸ್ತನೀಸ್ ಬಾಯಲ್ಲಿ ಕಲ್ಲು ಇಟ್ಟುಕೊಂಡು ಅಭ್ಯಾಸ ಮಾಡಿದ್ದು. "ರಾಜನಿಗೆ ಪಕ್ಕದಲ್ಲೇ ನಿಂತು ಹೇಳಿಕೊಡೋಕೆ ಲಯೋನೆಲ್ ಲೋಗ್ ಇದ್ದ. ನನಗೆ ಸೋಮವಾರದ ಮೀಟಿಂಗಿಗೆ ಯಾರಿದ್ದಾರೆ? ಕಲ್ಲು ಬಾಯಲ್ಲಿ ಇಟ್ಕೊಂಡ್ರೆ ಉಸಿರುಗಟ್ಟಿ ಸಾಯ್ತೀನಿ, ಅಷ್ಟೇ."

ಹಾಗಾದರೆ ಏನು ಮಾಡಲಿ ಅಂತ ನೇರವಾಗಿ ಕೇಳಿದೆ. ಎಂಟು ತಿಂಗಳಲ್ಲಿ ಮೊದಲ ಸಲ ಕೇಳಿದ್ದು ಅದು. "ಕಾಯಿರಿ. ಕಣ್ಣು ನೋಡಿ, ಬಾಯಿ ನೋಡಬೇಡಿ" ಅಂದರು. ಅವರ ಇನ್ನೊಬ್ಬ ಉಗ್ಗುವ ಗೆಳೆಯನಿಗೆ ಪದ ಎತ್ತಿಕೊಟ್ಟರೆ ಖುಷಿಯಂತೆ. ಇವರಿಗೆ ಬೇಡ. ಒಬ್ಬೊಬ್ಬರದು ಒಂದೊಂದು ಥರ. ನಮ್ಮ ನಡುವೆ ಒಂದು ಒಪ್ಪಂದ ಆಯಿತು: ನನ್ನ ಬಾಯಿ ತೆರೆಯುವುದು ಕಂಡರೆ ಅವರು ತೋರುಬೆರಳು ಎತ್ತುತ್ತಾರೆ. ಮೊದಲ ತಿಂಗಳು ಆ ಬೆರಳಿಗೆ ಬಿಡುವೇ ಇರಲಿಲ್ಲ. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿಕೊಂಡು ಮನಸ್ಸಿನಲ್ಲೇ ಎಣಿಸುತ್ತೇನೆ. ಒಂದು, ಎರಡು, ಮೂರು. ಐದರ ಮೇಲೆ ಹೋಗುವುದು ಅಪರೂಪ. ಇಷ್ಟು ಸಣ್ಣ ಸಮಯಕ್ಕೆ ನಾನು ಅಷ್ಟು ಹಾರಾಡುತ್ತಿದ್ದೆನಾ ಅಂತ ನಾಚಿಕೆಯಾಗುತ್ತದೆ. ತಂಗಿ ಮೊನ್ನೆ ಫೋನಿನಲ್ಲಿ ಮಾತಾಡುತ್ತಾ ನಡುವೆ ನಿಲ್ಲಿಸಿ, "ಅಕ್ಕಾ, ಲೈನಲ್ಲಿ ಇದೀಯಾ?" ಅಂದಳು.

ಹೋದ ವಾರ ತಿಂಗಳ ಕೊನೆಯ ಮೀಟಿಂಗ್. ಅವರೇ ಲೆಕ್ಕ ಒಪ್ಪಿಸಬೇಕಿತ್ತು. ನಾನು ನಡಾವಳಿ ಬರೆದುಕೊಳ್ಳುತ್ತಿದ್ದೆ. "ಹೋದ ತಿಂಗಳಿನ ಲೆಕ್ಕ ಪೂರ್ತಿ ಮು..." ಅಂತ ನಿಂತರು. ನನ್ನ ಕಡೆ ನೋಡದೆಯೇ ಬೆರಳೆತ್ತಿದರು. ನಾನು ಬಾಯಿ ತೆರೆದಿರಲಿಲ್ಲ, ಆಣೆಗೂ. ಒಂದು, ಎರಡು, ಮೂರು, ನಾಲ್ಕು. ಹಿರಿಯರು ಕನ್ನಡಕ ಒರೆಸುತ್ತಿದ್ದರು. ಯಾರೂ ಅಲುಗಾಡಲಿಲ್ಲ.

"ಮುಳುಗಿಹೋಗಿದೆ" ಅಂದರು.

ಎಲ್ಲರಿಗಿಂತ ಮೊದಲು ನಕ್ಕವರು ಹಿರಿಯರು. ನಾನು ತಲೆ ಬಗ್ಗಿಸಿ, ಹಾಳೆಯಲ್ಲಿ ಆಗಲೇ ಬರೆದುಬಿಟ್ಟಿದ್ದ 'ಮುಗಿದಿದೆ'ಯನ್ನು ಹೊಡೆದುಹಾಕಿದೆ.